ಹುಳುಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆ

ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಏನೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ರೈತರ ಹುಳುಮನೆಯ ಬಾಗಿಲು ದಾಟಿದ ಕೂಡಲೇ ರಿಜಿಸ್ಟರ್ ಬಿಚ್ಚಬೇಡಿ, ಮೊಬೈಲಿನಲ್ಲಿ ಫೋಟೋ ಹೊಡೆಯಬೇಡಿ. ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತುಕೊಳ್ಳಿ. ನಾಲ್ಕನೇ ಜ್ವರ ಎದ್ದ ರೇಷ್ಮೆಹುಳು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಹಸಿದು ಎದ್ದ ಹುಳು, ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿದಾಗ ಒಂದು ಸದ್ದು ಬರುತ್ತದೆ. ತಗಡಿನ ಮೇಲೆ ಸೋನೆ ಹಿಡಿದ ಹಾಗೆ ಸರಸರ ಸರಸರ. ಆ ಸದ್ದಿದ್ದರೆ ಮನೆಯವರ ಮುಖ ನೋಡುವುದೇ ಬೇಡ, ಎಲ್ಲ ಸರಿಯಿದೆ ಎಂದು ಗೊತ್ತಾಗುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಕೇಳಿದ್ದೇನೆ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದನ್ನು ಯಾವ ಹೊತ್ತಿನಲ್ಲಿ ಕೇಳಬೇಕು ಎಂಬುದು ನನಗೆ ತಿಳಿದದ್ದು ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ. ಅಷ್ಟು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯವನು. ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕನಾಗಿ, ಅಂದರೆ ರೈತರಿಗೆ ಹುಳು ಸಾಕುವುದನ್ನು ತೋರಿಸಿಕೊಡುವವನಾಗಿ ಸೇರಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ನಾಲ್ಕನ್ನೂ ಸುತ್ತಿದೆ. ಬಡ್ತಿಯ ವಿಷಯ ಬಿಡಿ, ಬರುವಷ್ಟು ಬಂದವು. ಜನರ ಬಾಯಲ್ಲಿ ಮಾತ್ರ ನಾನು ಕೊನೆಯವರೆಗೂ 'ಹುಳದ ಸಾರ್'. ನಾನು ಸೇರಿದಾಗ ಹುಳುವಿಗೆ ಬೇರೆ ಮನೆಯೇ ಇರಲಿಲ್ಲ. ಮಣ್ಣಿನ ಮಾಳಿಗೆಯ ಕೆಳಗೆ, ಅಡುಗೆಮನೆಯ ಪಕ್ಕದಲ್ಲಿ, ಬಿದಿರು ತಟ್ಟೆಗಳಲ್ಲಿ ಸೊಪ್ಪು ಹೆಚ್ಚಿ ಹಾಕಿ ಸಾಕುತ್ತಿದ್ದರು. ಆಮೇಲೆ ತಟ್ಟೆ ಹೋಗಿ ಅಟ್ಟಣೆ ಬಂತು, ರೆಂಬೆಗಳನ್ನೇ ಹಾಸುವುದು ಬಂತು, ಮಾಳಿಗೆ ಹೋಗಿ ಶೀಟಿನ ಮನೆ ಬಂತು. ಶೀಟು ಹಾಕಿಸಿ, ಗುಡಿಸುವುದು ಸುಲಭ, ರೋಗ ಕಡಿಮೆ ಎಂದು ಊರೂರು ತಿರುಗಿ ಹೇಳಿದವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಚೀಲದಲ್ಲಿ ಒಂದು ಮರದ ಹಲಗೆ ಇರುತ್ತಿತ್ತು. ಅದರ ಮೇಲೆ ಅಕ್ಕಪಕ್ಕ ಎರಡು ಥರ್ಮಾಮೀಟರು. ಒಂದು ಬರಿಯದು, ಅದು ಮನೆಯ ಶಾಖ ತೋರಿಸುತ್ತದೆ. ಇನ್ನೊಂದರ ಬುಡಕ್ಕೆ ಹತ್ತಿಯ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ಪುಟ್ಟ ಬಟ್ಟಲಿನ ನೀರಿಗೆ ಇಳಿಬಿಟ್ಟಿರುತ್ತಾರೆ. ಗಾಳಿ ಒಣಗಿದಷ್ಟೂ ಬತ್ತಿಯ ನೀರು ಬೇಗ ಆರಿ ಆ ಥರ್ಮಾಮೀಟರು ತಣ್ಣಗಾಗುತ್ತದೆ. ಎರಡರ ನಡುವಿನ ಅಂತರ ನೋಡಿ, ಪಟ್ಟಿಗೆ ಹೋಲಿಸಿದರೆ ಮನೆಯಲ್ಲಿ ತೇವ ಎಷ್ಟಿದೆ ಎಂದು ಸಿಗುತ್ತದೆ. ಹುಳುವಿಗೆ ಶಾಖ ಇಪ್ಪತ್ತೈದರ ಆಸುಪಾಸು, ತೇವ ಎಪ್ಪತ್ತರ ಆಸುಪಾಸು ಇದ್ದರೆ ಅದೇ ಸ್ವರ್ಗ. ಆ ಹಲಗೆಯನ್ನು ನಾನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಮಗುವನ್ನೂ ಅಷ್ಟು ಜೋಪಾನವಾಗಿ ಹಿಡಿದವನಲ್ಲ ಎಂದು ಮನೆಯಾಕೆ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಎಡವಟ್ಟುಗಳಿಗೆ ಲೆಕ್ಕವಿಲ್ಲ. ಮೊದಲನೆಯದೇ ಅತ್ತರಿನದು. ಶಿರಾದ ಬಷೀರ್ ನನಗಿಂತ ಎರಡು ವರ್ಷ ಚಿಕ್ಕವನು, ಅವನೂ ನನ್ನಂತೆ ಪ್ರದರ್ಶಕ. ಅವರ ತಂದೆಯದು ಶಿರಾದಲ್ಲಿ ಅತ್ತರಿನ ಅಂಗಡಿ. ಸ್ನೇಹವಾದ ಹೊಸದರಲ್ಲಿ ಒಂದು ಸೀಸೆ ತಂದುಕೊಟ್ಟ. ನಾನು ಖುಷಿಯಾಗಿ ಕಿವಿಯ ಹಿಂದೆ, ಮಣಿಕಟ್ಟಿಗೆ, ಅಂಗಿಗೆ ಬಳಿದುಕೊಂಡು ಮಧುಗಿರಿ ಹತ್ತಿರದ ಒಂದು ಹುಳುಮನೆಗೆ ಹೋದೆ. ಹುಳುವಿಗೆ ಘಾಟು, ಪರಿಮಳ ಯಾವುದೂ ಆಗದು ಎಂದು ಹಿಂದಿನ ದಿನವಷ್ಟೇ ಆ ಮನೆಯವರಿಗೆ ಪಾಠ ಹೇಳಿ ಬಂದಿದ್ದೆ. ಮನೆಯ ಅಜ್ಜಿ ಬಾಗಿಲಲ್ಲೇ ಪೊರಕೆ ಅಡ್ಡ ಹಿಡಿದು, ಮದುವೆಗೆ ಹೋಗ್ತಾ ಇದ್ದರೆ ಹೋಗಿ ಬನ್ನಿ, ಹುಳ ನೋಡೋಕೆ ಬಂದಿದ್ದರೆ ಬಾವಿಗೆ ಹೋಗಿ ಸ್ನಾನ ಮಾಡಿ ಬನ್ನಿ ಎಂದಳು. ಸ್ನಾನ ಮಾಡಿಯೇ ಒಳಗೆ ಹೋದೆ.

ಬಷೀರನ ವಿಷಯಕ್ಕೆ ಬಂದೆ, ಇನ್ನು ಅವನನ್ನು ಬಿಡುವ ಹಾಗಿಲ್ಲ. ನಮ್ಮಿಬ್ಬರ ನಡುವೆ ಹದಿನೈದು ವರ್ಷ ಒಂದೇ ಜಗಳ. ಅವನು ಪೇಪರು ಓದುವ ಆಸಾಮಿ. ಭೂಮಿ ಬಿಸಿಯಾಗುತ್ತಿದೆ, ಹವಾಮಾನ ಕೆಟ್ಟಿದೆ, ನಾವು ರೈತರಿಗೆ ಈಗಲೇ ಎಚ್ಚರಿಕೆ ಕೊಡದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಅವನ ವಾದ. ಅದೆಲ್ಲ ಸಮುದ್ರದ ದಡದವರ ತಲೆನೋವು, ಹಿಮ ಬೀಳುವ ದೇಶದವರ ತಲೆನೋವು, ನಮ್ಮ ಪಾವಗಡದಲ್ಲಿ ಬಿಸಿಲು ಯಾವತ್ತು ಇರಲಿಲ್ಲ ಹೇಳು ಎಂದು ನನ್ನ ವಾದ. ಕಚೇರಿಯಲ್ಲಿ ಎರಡು ಪಾರ್ಟಿಯೇ ಆಗಿಹೋಗಿತ್ತು. ಸಂಜೆ ಟೀ ಹೊತ್ತಿಗೆ ಗುಮಾಸ್ತರೂ ಡ್ರೈವರೂ ಇವತ್ತು ಭೂಮಿ ಬಿಸಿಯೋ ತಣ್ಣಗೋ ಎಂದು ನಮ್ಮನ್ನು ಕೆಣಕಿ ಮಜಾ ತೆಗೆದುಕೊಳ್ಳುತ್ತಿದ್ದರು. ನಾನು ಪ್ರತಿಸಲವೂ ನನ್ನ ರಿಜಿಸ್ಟರುಗಳನ್ನು ತಂದು ಮೇಜಿನ ಮೇಲೆ ಧಡ್ ಎಂದು ಹಾಕುತ್ತಿದ್ದೆ. ಪ್ರತಿ ಭೇಟಿಗೂ ಶಾಖ, ತೇವ ಬರೆದಿಟ್ಟವನು ನಾನೊಬ್ಬನೇ. ಅಂದಿಗೂ ಇಂದಿಗೂ ಅಂಕಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲಿದೆಯಪ್ಪಾ ನಿನ್ನ ಬಿಸಿ, ತೋರಿಸು ಎಂದು ನಾನು ಎದೆಯುಬ್ಬಿಸಿ ಕೂರುತ್ತಿದ್ದೆ.

ಬಷೀರನೇನೂ ಕಡಿಮೆ ಇರಲಿಲ್ಲ. ಅವನ ಎಡವಟ್ಟು ಇನ್ನೂ ದೊಡ್ಡದು. ಕೊರಟಗೆರೆ ಕಡೆಯ ಒಂದು ರೈತರ ಸಭೆಯಲ್ಲಿ ಮೈಕು ಸಿಕ್ಕಿದ್ದೇ ಸಿಕ್ಕಿದ್ದು, ಇನ್ನು ಹತ್ತು ವರ್ಷಕ್ಕೆ ಈ ಸೀಮೆಯಲ್ಲಿ ಹುಳು ಬದುಕುವುದಿಲ್ಲ, ಬೇರೆ ದಾರಿ ನೋಡಿಕೊಳ್ಳಿ ಎಂದುಬಿಟ್ಟ. ಅವನ ಮಾತು ನಂಬಿ ಇಬ್ಬರು ಹಿಪ್ಪುನೇರಳೆಯನ್ನು ಬೇರುಸಹಿತ ಕಿತ್ತು ಹಾಕಿದರು. ಆ ವರ್ಷವೇ ಮಳೆ ಚೆನ್ನಾಗಿ ಹಿಡಿದು, ಚಳಿಗಾಲವೂ ಹದವಾಗಿ, ಅಕ್ಕಪಕ್ಕದವರಿಗೆಲ್ಲ ಗೂಡು ಎಂಥದು ಅಂತೀರಿ, ಕೈಯಲ್ಲಿ ಹಿಡಿದರೆ ಗಟ್ಟಿಗೆ ಕಡಲೆಕಾಯಿಯ ಹಾಗೆ. ಕಿತ್ತವರಲ್ಲಿ ಒಬ್ಬ ಪಕ್ಕದ ತೋಟದವನ ಗೂಡನ್ನು ಒಂದು ಹಿಡಿ ತಂದು, ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಬಷೀರನ ಅಂಗೈಗೆ ಸುರಿದು ಹೊರಟುಹೋದನಂತೆ. ನಾನು ಆರು ತಿಂಗಳು ಅದನ್ನೇ ಹೇಳಿಕೊಂಡು ನಕ್ಕೆ. ಬಷೀರ್ ಮಾತ್ರ ಆ ಹಿಡಿ ಗೂಡನ್ನು ಮನೆಯಲ್ಲಿ ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದಾನೆ ಎಂದು ಬಹಳ ದಿನದ ಮೇಲೆ ಗೊತ್ತಾಯಿತು.

ಈಗ ನರಸಮ್ಮ. ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆ ಅವಳ ಊರು. ಸುತ್ತಲಿನ ಹೊಲಗಳಲ್ಲೆಲ್ಲ ಸೋಲಾರ್ ಪ್ಯಾನೆಲ್ಲು ಬಂದಿದ್ದವು, ಅವಳ ಗಂಡ ಓಬಳೇಶ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಎಕರೆ ಹಿಪ್ಪುನೇರಳೆ, ಒಂದು ಶೀಟಿನ ಹುಳುಮನೆ, ಎರಡೂ ಪೂರ್ತಿ ನರಸಮ್ಮನ ಕೈಯಲ್ಲಿ. ಕೆಲಸದಲ್ಲಿ ಬಲು ಚುರುಕು. ಹುಳುವಿನ ಬಣ್ಣ ನೋಡಿಯೇ ನಾಳೆ ಎಷ್ಟು ಹೊತ್ತಿಗೆ ಜ್ವರಕ್ಕೆ ಕೂರುತ್ತದೆ ಎಂದು ಹೇಳುತ್ತಿದ್ದಳು, ಹಾಗೇ ಆಗುತ್ತಿತ್ತು. ಅಂಥವಳಿಗೆ ಮೂರು ಬೇಸಗೆ ಸಾಲಾಗಿ ಬೆಳೆ ಹೋಯಿತು. ನಾಲ್ಕನೇ ಜ್ವರ ಎದ್ದ ಮೇಲಿನ ಕೊನೆಯ ಹಂತದವರೆಗೂ ಚೆನ್ನಾಗಿ ಬಂದ ಹುಳು ಗೂಡು ಕಟ್ಟುವ ಮುಂಚೆ ಸಪ್ಪೆಯಾಗಿ, ಮೆತ್ತಗಾಗಿ ಉದುರಿಹೋಯಿತು.

ಊರಿನವರು ಪ್ಯಾನೆಲ್ಲಿನಿಂದ ಶಾಖ ಏರಿದೆ ಎಂದರು. ಅದು ಹೌದೋ ಅಲ್ಲವೋ ಎಂದು ಊರಿನಲ್ಲೇ ಹೊಡೆದಾಡುವಷ್ಟು ವಾದವಿತ್ತು. ಬಷೀರ್ ಹವಾಮಾನ ಎಂದ. ನಾನು ಹಲಗೆ ತೂಗುಹಾಕಿ ನೋಡಿದೆ, ಶಾಖ ಇಪ್ಪತ್ತೆಂಟು, ತೇವ ಎಪ್ಪತ್ತು. ಇನ್ನೇನು ಬೇಕು. ಪ್ರತಿ ಸಾಕಣೆದಾರರ ಹತ್ತಿರವೂ ಭೇಟಿ ಪುಸ್ತಕ ಎಂದು ಒಂದಿರುತ್ತದೆ, ನಾವು ಹೋದಾಗಲೆಲ್ಲ ಅದರಲ್ಲಿ ಷರಾ ಬರೆಯಬೇಕು. ಮೂರು ವರ್ಷವೂ ನಾನು ಬರೆದದ್ದು ಒಂದೇ: 'ವಾತಾವರಣ ಸರಿಯಿದೆ. ಬೆಳೆ ನಷ್ಟಕ್ಕೆ ಸಾಕಣೆದಾರರ ನಿರ್ಲಕ್ಷ್ಯ ಕಾರಣ.' ಮೂರನೇ ಸಲ ಬರೆಯುವಾಗ ನರಸಮ್ಮ ಪಕ್ಕದಲ್ಲೇ ನಿಂತಿದ್ದಳು.

"ಪೊದ್ದುನ್ನೆ ಬಂದ್ರೆ ಏನ್ ಕಾಣ್ತೈತೆ ಸಾರ್," ಎಂದಳು, ಅವರ ತೆಲುಗು ಬೆರೆತ ಮಾತಿನಲ್ಲಿ ಪೊದ್ದುನ್ನೆ ಎಂದರೆ ಬೆಳಗ್ಗೆ. "ಮಧ್ಯಾಹ್ನದಾಗ ಒಂದ್ಸಲ ಬಂದು ನೋಡಿ."

ಮಧ್ಯಾಹ್ನ ಬಂದರೆ ವಾಪಸು ಬಸ್ಸು ಸಿಗುವುದಿಲ್ಲವಮ್ಮ ಎಂದು ಸಹಿ ಹಾಕಿ ಹೊರಟೆ. ಇಷ್ಟು ಸಸಾರವಾಗಿ ಹೇಳಿದ್ದೆ ಎಂದು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಆ ಒಂದು ಸಾಲು ಮಾಡಿದ ಕೆಲಸ ನನಗೆ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಹುಳುವನ್ನು ದೇವರ ಹಾಗೆ ಕಾಣುತ್ತಾರೆ. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವುದಿಲ್ಲ, ಹೊರಗಾದವರು ಬಾಗಿಲ ಹತ್ತಿರವೂ ಬರುವುದಿಲ್ಲ. ಬೆಳೆ ಹೋಯಿತೆಂದರೆ ಮನೆಯ ಹೆಂಗಸರನ್ನೇ ಮೊದಲು ನೋಡುವುದು. ನರಸಮ್ಮನ ಅತ್ತೆ ಭೇಟಿ ಪುಸ್ತಕವನ್ನು ಪಕ್ಕದ ಮನೆಯವರಿಂದ ಓದಿಸಿದಳಂತೆ. ಆಫೀಸರೇ ಬರೆದವ್ರೆ, ಇಂಕೇಂ ಕಾವಾಲ, ಇನ್ನೇನು ಬೇಕು ಎಂದು ಹುಳುಮನೆಯ ಬೀಗದ ಕೈ ಕಿತ್ತುಕೊಂಡು ತನ್ನ ಸೆರಗಿಗೆ ಕಟ್ಟಿಕೊಂಡಳಂತೆ. ಸೊಪ್ಪು ಕೊಯ್ದು ಬಾಗಿಲಿಗೆ ತಂದುಹಾಕುವುದಷ್ಟೇ ನರಸಮ್ಮನ ಕೆಲಸವಾಯಿತು. ಇನ್ನೊಂದು ಬೆಳೆ ಹೀಗೇ ಹೋದರೆ ಹಿಪ್ಪುನೇರಳೆ ಕಿತ್ತು ಆ ಎಕರೆಯನ್ನೂ ಪ್ಯಾನೆಲ್ಲಿಗೆ ಕೊಡುವುದು ಎಂದು ಓಬಳೇಶನೂ ತೀರ್ಮಾನ ಮಾಡಿದ್ದ.

ಇದನ್ನು ನನಗೆ ಹೇಳಿದವನು ಬಷೀರ್. ಮಧುಗಿರಿಯ ಕಚೇರಿಯಲ್ಲಿ, ನಾನು ಎಂದಿನಂತೆ ರಿಜಿಸ್ಟರ್ ಬಡಿದು ಮಾತಾಡುತ್ತಿದ್ದಾಗ, ಅವನು ಒಂದನ್ನು ಎತ್ತಿಕೊಂಡು ಪುಟ ತಿರುಗಿಸಿದ. ಅದರಲ್ಲಿ ವೇಳೆ ಎಂದು ಒಂದು ಕಲಂ ಇತ್ತು. ಬೆರಳಿಟ್ಟು ಮೇಲಿಂದ ಕೆಳಗೆ ಓದಿದ: ಒಂಬತ್ತೂವರೆ, ಒಂಬತ್ತೂವರೆ, ಒಂಬತ್ತೂ ಮುಕ್ಕಾಲು, ಒಂಬತ್ತೂವರೆ.

"ಅರೇ ಸಾರ್, ಇದ್ರಲ್ಲಿ ಹವಾಮಾನ ಇಲ್ಲ. ಬಸ್ಸಿನ ಟೈಮ್ ಐತೆ," ಎಂದ. "ಇಪ್ಪತ್ತೈದು ವರ್ಷದ್ ಬಸ್ಸಿನ ಟೈಮ್."

ಗುಮಾಸ್ತರು ನಕ್ಕರು, ಡ್ರೈವರ್ ನಕ್ಕ. ನನಗೆ ಕೋಪ ನೆತ್ತಿಗೇರಿತು. ಆಯಿತಪ್ಪ, ನಾಳೆಯೇ ಹೋಗಿ ಬೆಳಗಿನಿಂದ ಸಂಜೆವರೆಗೆ ಅವಳ ಹುಳುಮನೆಯಲ್ಲಿ ಕೂತು, ಗಂಟೆಗೊಂದು ಸಲ ಬರೆದುಕೊಂಡು ಬಂದು ನಿನ್ನ ಮುಖಕ್ಕೆ ಹಿಡಿಯುತ್ತೇನೆ ಎಂದು ಎದ್ದು ಬಂದೆ. ಏಪ್ರಿಲ್ ತಿಂಗಳು. ನರಸಮ್ಮನ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಆ ಬೆಳೆಯ ಮೇಲೆಯೇ ಎಲ್ಲ ನಿಂತಿತ್ತು.

ಒಂಬತ್ತೂವರೆಗೆ ನಾನು ಒಳಗೆ ಹೋದಾಗ ಆಹಾ, ಸೋನೆಯ ಸದ್ದು ಜೋರಾಗಿಯೇ ಇತ್ತು. ಅತ್ತೆ ಒಳಗೆ, ನರಸಮ್ಮ ಹೊಸ್ತಿಲ ಆಚೆ. ಹಲಗೆ ತೂಗುಹಾಕಿ, ಬಟ್ಟಲಿಗೆ ಅವರ ತೊಟ್ಟಿಯಿಂದ ಬೋರ್‌ವೆಲ್ ನೀರು ತುಂಬಿ, ಬರೆದುಕೊಂಡೆ. ಹನ್ನೊಂದಕ್ಕೆ ಶಾಖ ಮೂವತ್ತೊಂದು. ಹನ್ನೆರಡಕ್ಕೆ ಮೂವತ್ತಮೂರು. ಒಂದಕ್ಕೆ ಅಂಗಿ ಬೆನ್ನಿಗೆ ಅಂಟಿಕೊಂಡಿತು, ಶೀಟು ಮೇಲಿನಿಂದ ಟಕ್ ಟಕ್ ಎನ್ನತೊಡಗಿತು. ಎರಡು ಗಂಟೆಗೆ ಪೆನ್ನು ಹಿಡಿದವನು ಹಾಗೇ ನಿಂತುಬಿಟ್ಟೆ. ಏನೋ ಕಡಿಮೆಯಾಗಿತ್ತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದು ನಿಂತಿತ್ತು. ಅಟ್ಟಣೆಯ ತುಂಬ ಹಸಿ ಸೊಪ್ಪಿದೆ, ಹುಳು ತಲೆ ಮೇಲೆತ್ತಿ ಮರದ ಚೂರಿನ ಹಾಗೆ ನಿಂತಿವೆ, ಒಂದಾದರೂ ತಿನ್ನುತ್ತಿಲ್ಲ. ಇಷ್ಟು ವರ್ಷ ಹುಳುಮನೆ ಹೊಕ್ಕ ನನಗೆ ಹುಳುಮನೆಯ ಮೌನ ಮೊದಲ ಸಲ ಕೇಳಿಸಿತು.

ಆದರೂ ಹಠ ಬಿಡಲಿಲ್ಲ ನೋಡಿ. ಶಾಖ ಮೂವತ್ತಾರು, ಒಪ್ಪಿದೆ. ಬತ್ತಿಯ ಥರ್ಮಾಮೀಟರು ಮೂವತ್ತು ತೋರಿಸುತ್ತಿತ್ತು, ಅಂದರೆ ತೇವ ಅರವತ್ತೈದು. ತೇವ ಇಷ್ಟಿರುವಾಗ ಒಂದೆರಡು ಗಂಟೆಯ ಶಾಖಕ್ಕೆ ಹುಳು ಸಾಯುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ನನ್ನ ತುಟಿ ಒಡೆದಿತ್ತು, ಬಾಯಿ ಒಣಗಿತ್ತು. ರೆಂಬೆಯ ಎಲೆ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಆದರೂ ಹಲಗೆ ಹೇಳಿದ್ದೇ ಸತ್ಯ ನನಗೆ.

ಹೊಸ್ತಿಲಿನ ಆಚೆ ನಿಂತಿದ್ದ ನರಸಮ್ಮ ಆ ಹಲಗೆಯನ್ನು ಒಂದ್ಸಲ ತನ್ನ ಕೈಗೆ ಕೊಡಿ ಎಂದು ಕೇಳಿದಳು. ಕೊಟ್ಟೆ. ಬತ್ತಿಯನ್ನು ಉಗುರಿನಿಂದ ಮುಟ್ಟಿದಳು. ಕಟಕ್ ಎಂದಿತು.

"ಸಾರ್, ಇದು ರಾಯಿ ಆಗೋಗೈತೆ," ಎಂದಳು. "ನೀರು ಮೇಲಿಕ್ಕೆ ಹೆಂಗ್ ಹತ್ತತೈತೆ?"

ರಾಯಿ ಎಂದರೆ ಅವರ ಮಾತಿನಲ್ಲಿ ಕಲ್ಲು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಬತ್ತಿ ಬೆಳ್ಳಗೆ ಗಟ್ಟಿಯಾಗಿ ಸುಣ್ಣದ ಕಡ್ಡಿಯಾಗಿತ್ತು. ಪಾವಗಡದ ನೀರು ಗೊತ್ತಲ್ಲ, ಕೊಡ, ಚೊಂಬು, ಸ್ನಾನದ ಹಂಡೆ ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯೇ ಬತ್ತಿಯೊಳಗೂ ಕಟ್ಟಿತ್ತು. ಅಳತೆಗೆ ಮಳೆನೀರನ್ನೋ ಶುದ್ಧ ನೀರನ್ನೋ ಮಾತ್ರ ಬಳಸಬೇಕು, ಬತ್ತಿಯನ್ನು ಆಗಾಗ ಬದಲಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತೋವಿನಕೆರೆ ಕಡೆಯ ಸಿಹಿನೀರಿನಲ್ಲಿ ಬೆಳೆದವನು ನಾನು, ನೀರೆಂದರೆ ನೀರು ಎಂದುಕೊಂಡಿದ್ದೆ. ಆ ಬತ್ತಿ ಬದಲಿಸಿ ಎಷ್ಟು ವರ್ಷವಾಗಿತ್ತೋ ನೆನಪಿಗೇ ಬರಲಿಲ್ಲ.

ನರಸಮ್ಮ ಹಿಡಿ ಹುಣಸೆಹಣ್ಣು ತಂದು ನೀರಲ್ಲಿ ಕಿವುಚಿ, ಹಿತ್ತಾಳೆ ಚೊಂಬು ಬೆಳಗುವ ಹಾಗೆಯೇ ಬತ್ತಿಯನ್ನು ಅದರಲ್ಲಿ ನೆನೆಸಿ ಹಿಂಡಿ ತಿಕ್ಕಿದಳು. ಬಿಳಿ ನೀರು ಇಳಿಯಿತು. ಬತ್ತಿ ಮತ್ತೆ ಬತ್ತಿಯಾಯಿತು. ಆಮೇಲೆ ಊರಿನ ಘಟಕದಿಂದ ಕ್ಯಾನಿನಲ್ಲಿ ತರುವ ಫಿಲ್ಟರ್ ನೀರಿನಲ್ಲಿ ಅದನ್ನು ತೊಳೆದು, ಬಟ್ಟಲಿಗೂ ಅದನ್ನೇ ತುಂಬಿದಳು.

"ಬೋರ್ ನೀರು ನಾವೇ ಕುಡಿಯಾಕಿಲ್ಲ ಸಾರ್. ನೀವು ಅದುಕ್ಕೆ ಕುಡಿಸ್ತಾ ಇದ್ರಿ."

ಹಲಗೆಯನ್ನು ಮತ್ತೆ ತೂಗುಹಾಕಿದೆ. ಪಾದರಸ ಇಳಿಯತೊಡಗಿತು. ಇಪ್ಪತ್ತೆಂಟು, ಇಪ್ಪತ್ತಾರು. ಇಪ್ಪತ್ತನಾಲ್ಕು. ಇಪ್ಪತ್ತೆರಡೂವರೆಗೆ ಬಂದು ನಿಂತಿತು. ಪಟ್ಟಿ ನೋಡಿದೆ. ತೇವ ಮೂವತ್ತೊಂದು. ಅರವತ್ತೈದಲ್ಲ, ಮೂವತ್ತೊಂದು! ಅಷ್ಟು ಒಣಗಾಳಿಯಲ್ಲಿ ಸೊಪ್ಪು ಅರ್ಧ ಗಂಟೆಯಲ್ಲಿ ಬಾಡುತ್ತದೆ, ಹುಳು ಮೇವಿನ ನಡುವೆಯೇ ಉಪವಾಸ ಬೀಳುತ್ತದೆ. ಮೂರು ಬೇಸಗೆ ಅವಳ ಹುಳು ಸತ್ತದ್ದು ಹೀಗೆ. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ನನ್ನ ಹದಿನೇಳು ರಿಜಿಸ್ಟರುಗಳ ಪಾವಗಡದ ಪುಟಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಎಷ್ಟು ಮನೆಯಲ್ಲಿ ನಿರ್ಲಕ್ಷ್ಯ ಎಂದು ಬರೆದಿದ್ದೆ. ಎಷ್ಟು ಜನ ಬೈಸಿಕೊಂಡಿದ್ದರೋ.

ಭೇಟಿ ಪುಸ್ತಕ ತರಿಸಿದೆ. ಮೂರು ಷರಾಗಳನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸಹಿ ಮಾಡಿದೆ. ಕೆಳಗೆ, 'ಮೂರು ವರ್ಷದ ಷರಾ ತಪ್ಪು. ನಿರ್ಲಕ್ಷ್ಯ ಭೇಟಿ ನೀಡಿದ ನನ್ನದು, ಸಾಕಣೆದಾರರದಲ್ಲ' ಎಂದು ಬರೆದು ಅತ್ತೆಯ ಎದುರಿಗೆ ಜೋರಾಗಿ ಓದಿದೆ. ಮುದುಕಿ ನನ್ನನ್ನೂ ಸೊಸೆಯನ್ನೂ ನೋಡಿ, ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ನರಸಮ್ಮನ ಕೈಗೆ ಹಾಕಿದಳು. ನರಸಮ್ಮ ಕಾಲು ತೊಳೆದುಕೊಂಡು ಒಳಗೆ ಬಂದಳು.

ಆ ಬೆಳೆಯನ್ನು ಉಳಿಸಿಕೊಳ್ಳಲು ಹುಳು ಗೂಡಿಗೆ ಹೋಗುವ ಮುಂಚೆ ನಾಲ್ಕು ದಿನ ಸಿಕ್ಕಿತ್ತು. ಬಷೀರನಿಗೆ ಫೋನ್ ಮಾಡಿ ನಡೆದದ್ದೆಲ್ಲ ಒಪ್ಪಿಕೊಂಡೆ. ಕುಣಿದಾಡುತ್ತಾನೆ ಎಂದುಕೊಂಡಿದ್ದರೆ ಅವನು ನಿಟ್ಟುಸಿರು ಬಿಟ್ಟ. ನಾನು ಹೇಳಿರಲಿಲ್ಲವೇ, ಇನ್ನು ಮುಗಿಯಿತು, ಆ ಎಕರೆಯನ್ನು ಪ್ಯಾನೆಲ್ಲಿಗೆ ಕೊಡಲು ಹೇಳಿ ಎಂದ. ನನಗೆ ಮತ್ತೆ ಸಿಟ್ಟು ಬಂತು. ಹದಿನೈದು ವರ್ಷ ಅಪಾಯವೇ ಇಲ್ಲ ಎಂದವನು ನಾನು, ಈಗ ಅಪಾಯ ಕಣ್ಣಿಗೆ ಕಂಡ ಮೇಲೆ ಕೈಕಟ್ಟಿ ಕೂರುವುದಕ್ಕೆ ಒಪ್ಪಲಾರೆ. ಅಪಾಯ ದೊಡ್ಡದಿದ್ದರೆ ಕೆಲಸವೂ ದೊಡ್ಡದು ಮಾಡಬೇಕು, ಕಿತ್ತು ಹಾಕಿಸಿ ಹಿಡಿ ಗೂಡು ಈಸಿಕೊಂಡದ್ದು ಸಾಲದೇ ಎಂದುಬಿಟ್ಟೆ. ಆ ಮಾತು ಅವನಿಗೆ ನಾಟಿತು. ಮಾರನೆಯ ದಿನ ಬೈಕಿನಲ್ಲಿ ಬಂದಿಳಿದ, ಹಿಂದೆ ಖಾಲಿ ಗೋಣಿಚೀಲದ ಕಟ್ಟು.

ಆ ನಾಲ್ಕು ದಿನದ ಸಂಭ್ರಮ ಹೇಗೆ ಹೇಳಲಿ! ಓಬಳೇಶ ತೆಂಗಿನ ಗರಿ ಹೊರಿಸಿಕೊಂಡು ಬಂದು ನಾನು ಹೊಗಳಿ ಹಾಕಿಸಿದ್ದ ಅದೇ ಶೀಟಿನ ಮೇಲೆ ದಪ್ಪಗೆ ಹೊದಿಸಿದ. ಬಷೀರ್ ಪಶ್ಚಿಮದ ಕಿಟಕಿಗಳಿಗೆ ಗೋಣಿ ಕಟ್ಟಿ ನೀರು ಚಿಮುಕಿಸಿದ. ನೆಲಕ್ಕೆ ಮರಳು ಹಾಸಿ ಒದ್ದೆ ಮಾಡಿದೆವು. ಸೊಪ್ಪು ಹಾಕುವ ಹೊತ್ತನ್ನು ನರಸಮ್ಮ ತಾನೇ ಬದಲಿಸಿದಳು, ಬೆಳಕು ಹರಿಯುವ ಮುಂಚೆ ಒಂದು ಸಲ, ಬಿಸಿಲು ಇಳಿದ ಮೇಲೆ ಎರಡು ಸಲ. ಮೂರನೇ ದಿನ ಎರಡು ಗಂಟೆಗೆ ನಾವೆಲ್ಲ ಕಿವಿಗೊಟ್ಟು ನಿಂತೆವು. ಶಾಖ ಮೂವತ್ತೊಂದು. ತೇವ ಅರವತ್ತು ದಾಟಿತ್ತು, ಈ ಸಲ ನಿಜವಾದ ಅರವತ್ತು. ಸರಸರ ಸರಸರ. ಬಿರುಬಿಸಿಲಿನ ಮಧ್ಯಾಹ್ನ ಆ ಸೋನೆ! ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಪೂರ್ತಿ ಬೆಳೆ ಅಲ್ಲದಿದ್ದರೂ ಮುಕ್ಕಾಲು ಪಾಲು ಗೂಡಾಯಿತು. ಹಿಪ್ಪುನೇರಳೆ ಉಳಿಯಿತು.

ಮಧುಗಿರಿಯಲ್ಲಿ ಆಗ ನಮ್ಮ ಮೇಲಧಿಕಾರಿ ಒಬ್ಬ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಷ್ಟು. ಅವರ ಮುಂದೆ ಹದಿನೇಳು ರಿಜಿಸ್ಟರನ್ನೂ ಇಟ್ಟು ವಿಷಯ ಹೇಳಿದೆ. ನಿವೃತ್ತಿಯ ಹೊತ್ತಿಗೆ ಇದೆಲ್ಲ ಏಕೆ, ಸುಮ್ಮನಿರಿ ಎನ್ನುತ್ತಾರೆ ಎಂದು ಅರ್ಧ ಆಸೆ, ಅರ್ಧ ಭಯ. ಅವರು ಪುಟಗಳನ್ನು ನಿಧಾನವಾಗಿ ನೋಡಿ, ಅಂಕಿಗಳನ್ನು ತಿದ್ದಬೇಡಿ, ಪ್ರತಿ ಪಾವಗಡದ ಪುಟದ ಕೆಳಗೂ ಬತ್ತಿ ಸರಿಯಿರಲಿಲ್ಲ ಎಂದು ಬರೆಯಿರಿ, ನಾನೂ ಸಹಿ ಹಾಕುತ್ತೇನೆ ಎಂದರು. ಬರೆಯಲು ಹನ್ನೊಂದು ದಿನ ಹಿಡಿಯಿತು. ಎಲ್ಲ ಪುಟಕ್ಕೂ ಸಹಿ ಹಾಕಿದರು. ಆಮೇಲೆ ನಾಲ್ಕು ತಾಲ್ಲೂಕಿನಲ್ಲೂ ಮಧ್ಯಾಹ್ನ ಎರಡು ಗಂಟೆಯ ಅಳತೆ ಶುರುವಾಯಿತು. ಮೇಡಂ ಅದಕ್ಕೆ ಜೀಪು ಕೊಟ್ಟರು. ನಾನು ಉಳಿದ ಎರಡು ವರ್ಷ ಜೇಬಿನಲ್ಲಿ ಹೊಸ ಬತ್ತಿ, ಕೈಯಲ್ಲಿ ಫಿಲ್ಟರ್ ನೀರಿನ ಬಾಟಲಿ ಹಿಡಿದು, ಹಳೆಯ ಷರಾ ಇದ್ದ ಮನೆಗಳಿಗೆಲ್ಲ ಹೋಗಿ ಕೆಂಪು ಶಾಯಿಯಲ್ಲಿ ಹೊಡೆದು ಬಂದೆ. ಕೆಲವರು ನಕ್ಕರು. ವೈ.ಎನ್.ಹೊಸಕೋಟೆ ಹತ್ತಿರದ ಒಬ್ಬಾಕೆ ಪುಸ್ತಕವನ್ನೇ ಕೊಡಲಿಲ್ಲ, ಬರೆದದ್ದು ಇರಲಿ ಬಿಡಿ ಎಂದು ಬಾಗಿಲು ಹಾಕಿಕೊಂಡಳು. ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತದೆ.

ನಿವೃತ್ತನಾಗಿ ಮೂರು ವರ್ಷವಾಯಿತು, ಮಧುಗಿರಿಯಲ್ಲೇ ಇದ್ದೇನೆ. ಬಷೀರನೂ ಹೋದ ವರ್ಷ ನಿವೃತ್ತನಾದ. ಜಗಳ ನಿಂತಿಲ್ಲ, ಫೋನಿನಲ್ಲಿ ನಡೆಯುತ್ತದೆ. ಎಷ್ಟು ದಿನ ಗರಿ ಹೊದಿಸುತ್ತೀರಿ ಎಂದು ಅವನು, ಹೊದಿಸುವಷ್ಟು ದಿನ ಎಂದು ನಾನು. ಈ ನಡುವೆ ನರಸಮ್ಮನದೊಂದು ಅಭ್ಯಾಸ. ಬೇಸಗೆಯ ಬೆಳೆಯಿದ್ದಾಗ ಎರಡು ಗಂಟೆಗೆ ಫೋನ್ ಮಾಡಿ, ಏನೂ ಮಾತಾಡದೆ ಅಟ್ಟಣೆಯ ಮೇಲೆ ಹಿಡಿಯುತ್ತಾಳೆ. ನಾನು ಕಣ್ಣುಮುಚ್ಚಿಕೊಂಡು ಸೋನೆ ಕೇಳುತ್ತೇನೆ. ಆಮೇಲೆ ಇಡುತ್ತಾಳೆ.

ಈ ಬೇಸಗೆ ಒಂದು ದಿನ ಫೋನ್ ಬಂತು. ಕಿವಿಗಿಟ್ಟುಕೊಂಡೆ. ಸದ್ದಿರಲಿಲ್ಲ. ಸಿಗ್ನಲ್ ಇಲ್ಲವೇನೋ ಎಂದು ಹಲೋ ಹಲೋ ಎಂದೆ.

"ಮೂವತ್ತೆಂಟು ಐತೆ ಸಾರ್ ಶಾಖ," ಎಂದಳು. "ಬತ್ತಿ ನೆನ್ನೆ ಬದಲಾಯ್ಸಿದೀನಿ. ಗರಿ ಹೊದ್ಸಿದೀನಿ, ಗೋಣಿ ಒದ್ದೆ ಮಾಡಿದೀನಿ, ಮರಳಿಗೂ ನೀರ್ ಹಾಕಿದೀನಿ. ಯಾರ್ ನಿರ್ಲಕ್ಷ್ಯನೂ ಇಲ್ಲ ಇವತ್ತು. ಈಗೇನ್ ಮಾಡಾಣ?"

ಬಷೀರನಿಗೆ ಫೋನ್ ಮಾಡಿ ಇಷ್ಟನ್ನೇ ಹೇಳಿದೆ. ಎಲ್ಲ ಮುಗಿಯಿತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಆಸಾಮಿ, ಅವತ್ತು ಆ ಮಾತು ಎತ್ತಲೇ ಇಲ್ಲ. ನಾನು ಶಿರಾದಿಂದ ಬೈಕ್ ತೆಗೆದೆ, ನೀವು ಬಸ್ ಹತ್ತಿ, ಪಾವಗಡ ಸ್ಟ್ಯಾಂಡಿನಲ್ಲಿ ಸಿಗೋಣ ಎಂದು ಇಟ್ಟುಬಿಟ್ಟ.

ನಾವು ತಲುಪಿದಾಗ ಐದು ದಾಟಿತ್ತು. ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಕಾಲು ತೊಳೆಯದೆ ನಮ್ಮಿಬ್ಬರನ್ನೂ ಬಿಡಲಿಲ್ಲ. ಓಬಳೇಶನೂ ಬಷೀರನೂ ಏಣಿ ಹತ್ತಿ ಗರಿಯ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿದರು. ನಾನೂ ನರಸಮ್ಮನೂ ಮೇಲಿನ ಎರಡು ಸಾಲಿನ ಹುಳುವನ್ನು ತಣ್ಣಗಿದ್ದ ನೆಲದ ಮರಳಿನ ಮೇಲೆ ಪೇಪರು ಹಾಸಿ ಇಳಿಸಿದೆವು, ಹಸಿ ಸೊಪ್ಪು ಹಾಕಿದೆವು. ಇಳಿಸುವಾಗಲೇ ಹಿಡಿ ಹಿಡಿ ಸತ್ತ ಹುಳು ಕೈಗೆ ಬಂದವು, ಅವಳು ಅವನ್ನು ಬೇರೆ ಬುಟ್ಟಿಗೆ ಹಾಕಿದಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಹೊತ್ತು ಮುಳುಗುತ್ತಿತ್ತು. ನಾನು ಏನೋ ಸಮಾಧಾನ ಹೇಳಲು ಬಾಯಿ ತೆಗೆದೆ. ಒದ್ದೆ ಅಂಗಿಯಲ್ಲಿ ಒಳಗೆ ಬಂದ ಬಷೀರ್ ಕೈಯೆತ್ತಿ ನನ್ನನ್ನು ತಡೆದು, ಬಗ್ಗಿ, ಕೆಳಗಿನ ಸಾಲಿಗೆ ಕಿವಿಯಿಟ್ಟ. ಆಮೇಲೆ ನರಸಮ್ಮನನ್ನು ಹತ್ತಿರ ಕರೆದ. ಅವಳೂ ಬಗ್ಗಿ ಕೇಳಿದಳು. ಎದ್ದು ನಿಂತವಳೇ ನಮ್ಮ ಕಡೆಗೂ ನೋಡದೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಓಡಿದಳು.